ಸಕ್ಕರೆ ಓದಿಸಿದ ಮಳೆಗಾಲ

ಹಳಿಯಾಳದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದು ಚಪ್ಪಲಿ ಅಂಗಡಿ ಇದೆ. ದೀಪ ಹಚ್ಚುವ ಹೊತ್ತಿಗೆ ಅದರ ಯಜಮಾನರು ಕೆಂಡದ ಮೇಲೆ ಲೋಬಾನದ ಊದು ಉದುರಿಸಿ, ಆ ಹೊಗೆಯನ್ನು ಚಪ್ಪಲಿ ಡಬ್ಬಿಗಳ ಮೇಲೆ, ಗಲ್ಲಾಪೆಟ್ಟಿಗೆಯ ಮೇಲೆ, ಬಾಗಿಲಲ್ಲಿ ನಿಂತ ಗಿರಾಕಿಯ ಮೇಲೂ ಒಂದು ಸುತ್ತು ಆಡಿಸಿ ಒಳಗೆ ಹೋಗುತ್ತಾರೆ. ಈ ಸಲದ ಮೊಹರಮ್ಮಿಗೆ ಧಾರವಾಡದಿಂದ ದಾಂಡೇಲಿಯ ಮನೆಗೆ ಹೋಗುತ್ತ ಬಸ್ಸು ಬದಲಿಸಲು ಅಲ್ಲಿ ಇಳಿದಿದ್ದೆ. ಜಿಟಿಜಿಟಿ ಮಳೆ. ಹೊಗೆ ಮೇಲೇರಲಾರದೆ ರಸ್ತೆಗುಂಟ ಬಂದು ಮೂಗಿಗೆ ಬಡಿಯಿತು. ದಾಂಡೇಲಿ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ನಾನು ಹತ್ತಲಿಲ್ಲ. ಎಂ.ಎ. ಕೊನೆಯ ವರ್ಷದ ಆ ಮಳೆಗಾಲ ಪೂರ್ತಿ ಅಲ್ಲಿಯೇ ನನ್ನ ಮುಂದೆ ಬಂದು ನಿಂತುಬಿಟ್ಟಿತು.

ನನ್ನ ಹೆಸರು ಹುಸೇನಪ್ಪ. ಇದನ್ನು ಓದುತ್ತಿರುವವರಲ್ಲಿ ಕೆಲವರು ಇಷ್ಟಕ್ಕೇ ನನ್ನನ್ನು ಒಂದು ಕಡೆಯ ಸಾಲಿನಲ್ಲಿ ನಿಲ್ಲಿಸಿ ಆಗಿರುತ್ತದೆ. ನಿಲ್ಲಿಸಲಿ, ನನಗೆ ರೂಢಿಯಾಗಿದೆ. ನಮ್ಮ ಮನೆದೇವರು ಮೈಲಾರಲಿಂಗ. ಅಪ್ಪ ಧಾರವಾಡ ಜಿಲ್ಲೆಯವನು, ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದವನು. ಅವ್ವನ ತವರು ಮುಂಡಗೋಡ ತಾಲೂಕಿನಲ್ಲಿ, ಪಾಳಾ ದಾಟಿ ಹೊಲಗಳ ನಡುವೆ ಇರುವ ಒಂದು ಸಣ್ಣ ಊರು. ಆ ಊರಲ್ಲಿ ಒಂದೂ ಮುಸಲ್ಮಾನರ ಮನೆಯಿಲ್ಲ. ಆದರೆ ಮೊಹರಮ್ಮಿಗೆ ಅಲಾವಿ ದೇವರು ಕೂಡುತ್ತಿತ್ತು. ಗುಡಿಯ ಮುಂದೆ ಕುಣಿ ತೋಡಿ ಬೆಂಕಿ ಹಾಕಿ, ಅಂಗೈ ಆಕಾರದ ಬೆಳ್ಳಿಯ ಪಂಜಾಗಳಿಗೆ ಬಣ್ಣದ ಬಟ್ಟೆ ಉಡಿಸಿ, ಗೌಡರು, ಕುರುಬರು, ಬಡಿಗೇರರು ಎಲ್ಲರೂ ಸೇರಿ ಹೊತ್ತು ಮೆರೆಸುತ್ತಿದ್ದರು. ನನಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಅವ್ವ ಆ ಪಂಜಾದ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳು. ಈ ಕೂಸು ಉಳಿದರೆ ನಿನ್ನ ಹೆಸರಿಡುತ್ತೇನೆ, ಅದು ಶಾಲೆ ಕಲಿತು ಓದು ಮುಗಿಸುವ ತನಕ ವರ್ಷಾ ನಿನ್ನ ಫಕೀರನನ್ನಾಗಿ ಮಾಡುತ್ತೇನೆ ಎಂದು. ಹಾಗಾಗಿ ಪ್ರತಿ ಮೊಹರಮ್ಮಿಗೆ ನನ್ನ ಕೊರಳಿಗೆ ಹೊಸ ಕೆಂಪು ದಾರದ ಲಾಡಿ ಬೀಳುತ್ತಿತ್ತು. ನಾನು ಮನೆಮನೆಗೆ ಹೋಗಿ ಜೋಳ ಬೇಡಿ ತರುತ್ತಿದ್ದೆ. ಕೊನೆಯ ದಿನ ಚೊಂಗ್ಯಾ ಎಂಬ ಬೆಲ್ಲದ ರೊಟ್ಟಿ ಮಾಡಿ, ನನ್ನ ಹೆಸರಲ್ಲಿ ಸಕ್ಕರೆ ಓದಿಸುತ್ತಿದ್ದರು.

ಈ 'ಓದಿಸುವುದು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಕಥೆಯೆಲ್ಲ ಅದರ ಮೇಲೇ ಮುಗ್ಗರಿಸಿ ಬಿದ್ದದ್ದು. ನಮ್ಮ ಕಡೆ ಮಗನನ್ನು ಶಾಲೆಗೆ ಕಳಿಸುವುದೂ ಓದಿಸುವುದೇ. ಸಕ್ಕರೆಯನ್ನು ಮುಲ್ಲಾನ ಮುಂದಿಟ್ಟು, ಅವನು ಅಂಗೈ ಎತ್ತಿ ಫಾತಿಹಾ ಹೇಳಿ, ಅದನ್ನು ಪ್ರಸಾದವಾಗಿ ಹಂಚುವುದೂ ಓದಿಸುವುದೇ. ಓದಿಸಲು ಸನವಳ್ಳಿ ಕಡೆಯಿಂದ ಇಮಾಮಸಾಬಜ್ಜ ಎನ್ನುವ ಮುದುಕ ಸೈಕಲ್ಲಿನ ಮೇಲೆ ಬರುತ್ತಿದ್ದ. ಅವನು ಬರುವ ತನಕ ಊರಿನ ಒಬ್ಬರೂ ಸಕ್ಕರೆ ಬಾಯಿಗೆ ಹಾಕುತ್ತಿರಲಿಲ್ಲ. ಯಾರಾದರೂ 'ಹುಸೇನಪ್ಪಂದು ಓದ್ಸಿದ್ರೇನು' ಎಂದರೆ ಸಕ್ಕರೆಯ ವಿಚಾರವೋ ಶಾಲೆಯ ವಿಚಾರವೋ ಎಂದು ಅವ್ವನಿಗೆ ಎಂದೂ ಗೊಂದಲವಾದದ್ದಿಲ್ಲ.

ದಾಂಡೇಲಿಯಲ್ಲಿ ನನ್ನ ಹೆಸರು ಯಾರಿಗೂ ತೊಡಕಾಗಿರಲಿಲ್ಲ. ಕಾರ್ಖಾನೆಯ ಭೋಂಗಾ ಕೂಗಿದರೆ ಎಲ್ಲ ಹೆಸರುಗಳೂ ಸೈಕಲ್ ಹತ್ತಿ ಹೊರಡುವ ಊರು ಅದು. ತೊಡಕು ಶುರುವಾದದ್ದು ಹಳಿಯಾಳದ ಹತ್ತಿರದ ಸ್ನಾತಕೋತ್ತರ ಕೇಂದ್ರಕ್ಕೆ ಸಮಾಜಶಾಸ್ತ್ರ ಓದಲು ಸೇರಿದ ಮೇಲೆ. ಮೊದಲ ದಿನ ಹಾಜರಿ ಕೂಗಿದಾಗ ಪಕ್ಕದ ಬೆಂಚಿನಿಂದ ಒಬ್ಬ ತಟ್ಟನೆ ಸರಿದು ಬಂದು ನನಗೆ ಸಲಾಂ ಹೇಳಿದ. ತೆಳ್ಳಗೆ, ಎತ್ತರಕ್ಕೆ, ನಗುಮೊಗದ ಹುಡುಗ.

"ನಾ ನಿಮ್ಮಾವಲ್ಲೋ" ಎಂದೆ. "ನಾವು ಮೈಲಾರಲಿಂಗನ ಒಕ್ಕಲು."

"ಹಂಗಾರ ಹುಸೇನ ಎಲ್ಲಿಂದ ಬಂದ?"

"ಅಲಾವಿ ಕುಣಿಯಿಂದ."

ಅವನು ಬೆಂಚು ಬಡಿದು ನಕ್ಕ. ಅವನೇ ಮಹಬೂಬ. ದಾಂಡೇಲಿಯ ಮೆಕ್ಯಾನಿಕ್ ರಜಾಕಸಾಬರ ಮಗ, ನಮ್ಮ ವರ್ಗದ ಏಕೈಕ ಮುಸ್ಲಿಂ ವಿದ್ಯಾರ್ಥಿ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೇ ಅವನೊಬ್ಬ. ಲೆಕ್ಚರರ್ ಆಗಬೇಕೆಂಬುದು ಅವನ ಹಟ. ನಾವು ಇಬ್ಬರೂ ಬೆಳಗಿನ ಬಸ್ಸಿನಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ದಾಂಡೇಲಿ ಬಿಟ್ಟು ಸಾಗವಾನಿಯ ಕಾಡು ಮುಗಿಯುವಷ್ಟರಲ್ಲಿ ಅವನು ಹಿಂದಿನ ದಿನದ ಪಾಠವನ್ನು ನನ್ನ ತಲೆಗೆ ಹಾಕಿ ಮುಗಿಸಿರುತ್ತಿದ್ದ. ನಾನು ಪಾಸಾದದ್ದು ಆ ಬಸ್ಸಿನಲ್ಲಿ, ವರ್ಗದಲ್ಲಿ ಅಲ್ಲ.

ನನ್ನ ಇನ್ನೊಬ್ಬ ಗೆಳೆಯ ಸಂತೋಷ, ಕುಮಟಾ ಕಡೆಯವನು, ಹಳಿಯಾಳದಲ್ಲಿ ರೂಮು ಮಾಡಿಕೊಂಡಿದ್ದ. ಅವನನ್ನು ಕೆಟ್ಟವನೆಂದು ಬರೆದರೆ ನನಗೆ ಸಮಾಧಾನವಾಗುತ್ತಿತ್ತು, ಆದರೆ ಅವನು ಕೆಟ್ಟವನಲ್ಲ. ಯಾರಿಗಾದರೂ ಜ್ವರ ಬಂದರೆ ಗಂಜಿ ಮಾಡಿ ಕೊಡುವವನು. ಅವನಿಗೆ ನನ್ನ ಹೆಸರಿನದೇ ಚಿಂತೆ.

"ನೀನು ನಮ್ಮವನೇ ಅಲ್ವಾ ಮಾರಾಯಾ, ಈ ಹೆಸರು ಎಂತಕ್ಕೆ?" ಎನ್ನುತ್ತಿದ್ದ. "ನಾಳೆ ನೌಕರಿ, ಬಾಡಿಗೆ ಮನೆ, ಮದುವೆ ಎಲ್ಲ ಇದೆ. ಒಂದು ಅಫಿಡವಿಟ್ ಮಾಡಿಸಿದ್ರೆ ಮುಗೀತು. ನಾನೇ ಓಡಾಡ್ತೆ."

ನಾನು ನಕ್ಕು ಮಾತು ಬದಲಿಸುತ್ತಿದ್ದೆ. ನನ್ನ ಉಸಿರಿನ ಜೊತೆಗೇ ಬಂದ ಹೆಸರು ಅದು ಎಂದು ಹೇಳಲು ನಾಚಿಕೆಯಾಗುತ್ತಿತ್ತು.

ಕೊನೆಯ ವರ್ಷ ಶುರುವಾಗಿ ಮಳೆ ಹಿಡಿದ ಹೊಸತರಲ್ಲಿ ನಮಗೆ ಪಾಠ ಮಾಡುತ್ತಿದ್ದ ಮೇಡಂ ಒಂದು ಸೆಮಿನಾರ್ ಇಟ್ಟರು. ಬೋರ್ಡಿನ ಮೇಲೆ ದುಂಡಗೆ ಬರೆದರು: ಬಹುಧರ್ಮೀಯ ಸಮಾಜದಲ್ಲಿ ಇಸ್ಲಾಂ ಕುರಿತು ಮುಸ್ಲಿಮೇತರ ವಿದ್ಯಾರ್ಥಿಗಳ ಮನೋಭಾವ. ಎಲ್ಲರೂ ಎದ್ದು ನಿಂತು ಮುಚ್ಚುಮರೆಯಿಲ್ಲದೆ ಹೇಳಬೇಕೆಂದರು. ಮಹಬೂಬ ಕೈ ಎತ್ತಿದಾಗ "ನೀನು ಬೇಡಪ್ಪ, ಇದು ಮುಸ್ಲಿಮೇತರರಿಗೆ" ಎಂದರು. ಅವನು ಕೈ ಇಳಿಸಿ ಪೆನ್ನು ಹಿಡಿದು ಕೂತ. ಆಮೇಲೆ ಎಲ್ಲರ ಕಣ್ಣು ನನ್ನತ್ತ ತಿರುಗಿತು. ನಾನು ಮಾತಾಡಬೇಕೋ ಬಾರದೋ ಎಂದು ಯಾರಿಗೂ ತಿಳಿಯದೆ ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಒಬ್ಬೊಬ್ಬರೇ ಹೇಳಿದರು. ಫೋನಿನಲ್ಲಿ ಬಂದದ್ದನ್ನೇ ಹೇಳಿದರು. ತಾವು ಕಂಡದ್ದನ್ನು ಹೇಳಿದವರು ಕಡಿಮೆ. ಸಂತೋಷ ಬಹಳ ಸೌಮ್ಯವಾಗಿ, "ನನಗೆ ಅವರ ಮೇಲೆ ದ್ವೇಷ ಇಲ್ಲ. ಅವರದ್ದು ಅವರಿಗೆ, ನಮ್ಮದು ನಮಗೆ. ಗಡಿ ಗಟ್ಟಿ ಇದ್ರೆ ಜಗಳ ಇಲ್ಲ" ಎಂದ. ಒಬ್ಬಳು ಭಯವಾಗುತ್ತದೆ ಎಂದಳು. ಯಾಕೆ ಎಂದು ಮೇಡಂ ಕೇಳಿದರೆ ಗೊತ್ತಿಲ್ಲ ಎಂದಳು. ಹೆಚ್ಚಿನವರು ಮಾತು ಮುಗಿಸುವಾಗ ಮಹಬೂಬನ ಕಡೆ ನೋಡಿ "ಇವ ಬ್ಯಾರೆ, ಇವ ಅಂಥಾವಲ್ಲ" ಎಂದು ಸೇರಿಸುತ್ತಿದ್ದರು. ಜೋಯಿಡಾದ ಕೊಂಕಣಿ ಹುಡುಗಿ ಸುನೀತಾ ಮಾತ್ರ, "ನಂಗೆ ಗೊತ್ತಿಲ್ಲ ಮೇಡಂ. ನಮ್ಮೂರಿಗೆ ಪಾತ್ರೆ ಮಾರೋಕೆ ಒಬ್ಬರು ಬರ್ತಾರೆ. ನಮ್ಮ ಹತ್ರ ಕೊಂಕಣಿನೇ ಮಾತಾಡ್ತಾರೆ. ಅಷ್ಟೇ ಗೊತ್ತು" ಎಂದು ಕೂತುಬಿಟ್ಟಳು. ಅವಳಿಗೆ ಕಡಿಮೆ ಅಂಕ ಬಂತು.

ಸಂಜೆ ಬಸ್ಸಿನಲ್ಲಿ ಮಹಬೂಬ ಕಿಟಕಿಗೆ ತಲೆ ಆನಿಸಿ ಕೂತಿದ್ದ.

"ಎಲ್ಲಾರೂ ನಿನ್ನ ಹೊಗಳಿದ್ರಲ್ಲೋ" ಎಂದು ಕೆಣಕಿದೆ.

"ಹೊಗಳಲಿಲ್ಲ, ಹೊರಗ ತಗದ್ರು" ಎಂದ. "ನಾ ಬ್ಯಾರೆ ಅಲ್ಲಲೇ ಹುಸೇನ್ಯಾ. ನಮ್ಮ ಅಬ್ಬಾ ಹೆಂಗದಾನ ಹಂಗs ಅದೇನಿ. ನಮ್ಮ ಓಣ್ಯಾಗಿನ ಮಂದಿ ಹೆಂಗದಾರ ಹಂಗs ಅದೇನಿ. ಅವರನ್ನ ಬೈದು ನನ್ನ ಬಿಟ್ಟ್ರ ನಾ ಏನು ಖುಷಿ ಪಡಬೇಕ?"

ಅದೇ ವಾರ ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಬೇಕೆಂದರು. ಅವ್ವ ಗಡ್ಡೆಗೆ ಹೆದರಲಿಲ್ಲ. ಹರಕೆಗೆ ಹೆದರಿದಳು.

"ನಿನ್ನ ಓದು ಮುಗಿಯಾಕ ಬಂತು" ಎಂದಳು. "ಈ ಮೊಹರಮ್ಮಿಗೆ ಸಕ್ರಿ ಓದ್ಸಿ, ಚೊಂಗ್ಯಾ ಮಾಡಿ, ನಿನ್ನ ಕೊಳ್ಳಾಗಿನ ಲಾಡಿ ತಗಿಸಿ ಬಿಡ್ತೇನಿ. ಆಮ್ಯಾಲ ಡಾಕ್ಟರ್ ಎಲ್ಲಿ ಬೇಕಾದಲ್ಲೆ ಕೊಯ್ಲಿ. ಹರಕಿ ಹಂಗs ಬಿಟ್ಟು ನಾ ಸತ್ತ್ರ ಅದು ನಿನ್ನ ಮ್ಯಾಲೆ ಬರ್ತೈತಿ."

ಅಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು, "ಆಕಿಗೆ ಎದರು ಆಡಬ್ಯಾಡ, ಹೋಗಿ ನೋಡ್ಕೊಂಡು ಬಾ" ಎಂದ. ನಾನು ಅವ್ವನ ತವರಿಗೆ ಹೋದೆ.

ಗುಡಿಯ ಮುಂದೆ ಕುಣಿ ತೋಡಿರಲಿಲ್ಲ. ತೋಡುವ ಜಾಗದಲ್ಲಿ ಹೊಸ ಫರಸಿಕಲ್ಲು ಹಾಸಿದ್ದರು. ಸೋದರಮಾವನ ಮಗ ಬಸವರಾಜ ಡಿಗ್ರಿ ಮುಗಿಸಿ ಊರಲ್ಲಿದ್ದ. ಅವನೂ ಅವನ ಜೊತೆಗೆ ಕಾಲೇಜು ಕಲಿತ ಹುಡುಗರೂ ಕೂಡಿ ಈ ವರ್ಷದಿಂದ ದೇವರು ಕೂಡಿಸುವುದು ಬೇಡವೆಂದು ತೀರ್ಮಾನಿಸಿದ್ದರು. ಪಂಜಾಗಳನ್ನು ಗೋಣಿಚೀಲದಲ್ಲಿ ಕಟ್ಟಿ ಗೌಡರ ಅಟ್ಟಕ್ಕೆ ಹಾಕಿದ್ದರು.

"ಹಿರ್ಯಾರಿಗೆ ತಿಳೀತಿದ್ದಿಲ್ಲ, ಮಾಡಿದ್ರು" ಎಂದ ಬಸವರಾಜ. "ನೀ ಎಂ.ಎ. ಓದಾಕತ್ತಿ, ನೀನೂ ಹಿಂಗಂದ್ರ ಹೆಂಗೋ? ಅದು ನಮ್ಮ ದೇವ್ರಲ್ಲ."

"ನನ್ನ ಹೆಸರು?"

"ಅದನ್ನೂ ಬದಲ್ ಮಾಡ್ಕೊ. ಯಾರು ಬ್ಯಾಡಂದಾರ?"

ಮಾವ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದ. ಪಂಜಾ ಇಲ್ಲದಿದ್ದರೂ ಚಿಂತೆಯಿಲ್ಲ, ಇಮಾಮಸಾಬಜ್ಜನನ್ನೇ ದಾಂಡೇಲಿಗೆ ಕರೆದೊಯ್ಯೋಣ ಎಂದುಕೊಂಡು ಸನವಳ್ಳಿಗೆ ಹೋದೆ. ಅಜ್ಜ ಚಳಿಗಾಲದಲ್ಲಿಯೇ ತೀರಿಕೊಂಡಿದ್ದ. ಅವನ ಮಗ ನನ್ನನ್ನು ಕೂಡಿಸಿ ಚಹಾ ಕೊಟ್ಟು, ಬಹಳ ಮರ್ಯಾದೆಯಿಂದ, "ನಾವು ಅದನ್ನ ಬಿಟ್ಟೇವ್ರಿ. ಪಂಜಾ, ಸಕ್ರಿ, ಫಕೀರ ಆಗೂದು ಇವೆಲ್ಲ ದೀನಿನ್ಯಾಗ, ಅಂದ್ರ ನಮ್ಮ ಧರ್ಮದಾಗ ಇಲ್ಲ. ಅಬ್ಬಾಗ ತಿಳೀತಿದ್ದಿಲ್ಲ, ಮಾಡ್ತಿದ್ದ. ಅದು ನಮ್ಮದಲ್ರಿ" ಎಂದ.

ಬಸ್ಸಿನಲ್ಲಿ ಕೂತು ಆ ಎರಡು ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಒಬ್ಬರಿಗೆ ನಮ್ಮದಲ್ಲ, ಇನ್ನೊಬ್ಬರಿಗೂ ನಮ್ಮದಲ್ಲ. ಇಬ್ಬರ ಹಿರಿಯರಿಗೂ ತಿಳಿಯುತ್ತಿರಲಿಲ್ಲ. ಓದಿದವರು ಬಂದು ಓದಿಸುವುದನ್ನು ನಿಲ್ಲಿಸಿದ್ದರು. ಹಾಗಾದರೆ ನಾನು ಯಾರವನು ಎಂಬ ಪ್ರಶ್ನೆಗೆ ಪಾಳಾದಿಂದ ದಾಂಡೇಲಿ ತನಕ ನನಗೆ ಉತ್ತರ ಸಿಗಲಿಲ್ಲ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದ ಸಿಟ್ಟು ಅಳುವಿಗೆ ಬಹಳ ಹತ್ತಿರ ಇರುತ್ತದೆ.

ಆಪರೇಷನ್ನಿನ ದಿನ ಹತ್ತಿರ ಬಂತು. ಅವ್ವ ಊಟ ಬಿಟ್ಟಳು. ಓದಿಸದೆ ಆಸ್ಪತ್ರೆಗೆ ಬರುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಕೊನೆಗೆ ನಾನು ಮಹಬೂಬನನ್ನು ಕೇಳಿದೆ. ಕಾಳಿ ಹೊಳೆಯ ಸೇತುವೆಯ ಮೇಲೆ ನಿಂತಿದ್ದೆವು, ಕೆಳಗೆ ನೀರು ಕೆಂಪಗೆ ಓಡುತ್ತಿತ್ತು. ಅವನು ಒಂದು ಹರಳು ಎತ್ತಿ ನೀರಿಗೆ ಎಸೆದ.

"ನನಗ ಫಾತಿಹಾ ಬರ್ತೈತಿ" ಎಂದ ಆಮೇಲೆ. "ಆದ್ರ ನಮ್ಮ ಮನ್ಯಾಗೂ ಸಕ್ರಿ ಇಟ್ಟು ಓದೂದು ನಿಂತು ಭಾಳ ದಿನಾ ಆತು. ಅಬ್ಬಾ ಒಪ್ಪಂಗಿಲ್ಲ. ನನಗೂ ಅದು ಸರಿ ಅನಸಂಗಿಲ್ಲ, ಸುಳ್ಳ್ಯಾಕ ಹೇಳ್ಲಿ."

"ಹೋಗ್ಲಿ ಬಿಡು" ಎಂದೆ.

"ನಾ ಇನ್ನಾ ಮುಗಿಸಿಲ್ಲ" ಎಂದ. "ಬ್ಯಾನಿ ಬಿದ್ದಾವ್ರ ಸಲುವಾಗಿ ದುವಾ ಮಾಡಬ್ಯಾಡ ಅಂತ ಯಾರೂ ಅನ್ನಂಗಿಲ್ಲ. ನಾ ನಿಮ್ಮವ್ವನ ಸಲುವಾಗಿ ಓದ್ತೇನಿ. ಸಕ್ರಿ ಅಲ್ಲೇ ಇದ್ರ ಇರವಲ್ದ್ಯಾಕ. ಆಕಿ ಏನು ತಿಳ್ಕೋತಾಳೋ ತಿಳ್ಕೊಳ್ಳಿ, ಮ್ಯಾಲಿನಾಂವ ಏನು ತಿಳ್ಕೋತಾನೋ ತಿಳ್ಕೊಳ್ಳಿ."

ಭಾನುವಾರ ಮಧ್ಯಾಹ್ನ ಬಂದ. ತಲೆಗೆ ಟೋಪಿ, ಕೈಯಲ್ಲಿ ಬಾಳೆಹಣ್ಣು. ಬಚ್ಚಲಲ್ಲಿ ಕೈಕಾಲು ತೊಳೆದು ಬಂದು ಅವ್ವನ ಮಂಚದ ಬದಿಗೆ ಚಾಪೆಯ ಮೇಲೆ ಕೂತ. ಅವ್ವ ಸ್ಟೀಲಿನ ತಾಟಿನಲ್ಲಿ ಸಕ್ಕರೆ, ಪಕ್ಕದ ಮನೆಯಾಕೆಯಿಂದ ಮಾಡಿಸಿದ ಚೊಂಗ್ಯಾ, ಕೆಂಡದಲ್ಲಿ ಊದು ಎಲ್ಲ ಸಿದ್ಧ ಮಾಡಿಸಿದ್ದಳು. ಅವನು ಊದಿನ ಕಡೆ ಒಮ್ಮೆ ನೋಡಿ ಅಂಗೈ ಎತ್ತಿದ. ಹೊರಗೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಅವನ ದನಿ ಸಣ್ಣದಾಗಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ನನ್ನ ಹೆಸರು ಬಂದಾಗ ಮಾತ್ರ ತಿಳಿಯಿತು. ಯಾರ ನಾಲಿಗೆಯ ಮೇಲೂ ನನ್ನ ಹೆಸರು ಅಷ್ಟು ಸಲೀಸಾಗಿ ಕೂತದ್ದನ್ನು ನಾನು ಆ ವರ್ಷ ಕೇಳಿರಲಿಲ್ಲ. ಅವ್ವ ಕಣ್ಣು ಮುಚ್ಚಿ ಅಳುತ್ತಿದ್ದಳು. ಓದಿ ಮುಗಿಸಿ ಅವನು ಅವ್ವನ ತಲೆಯ ಮೇಲೆ ಮೆಲ್ಲಗೆ ಊದಿದ. ಅವ್ವ ನನ್ನ ಕೊರಳಿನ ಲಾಡಿ ಬಿಚ್ಚಿ ಕಣ್ಣಿಗೊತ್ತಿಕೊಂಡಳು. ನನಗೆ ಕೊರಳು ಹಗುರಾಯಿತು ಎನ್ನಿಸಲಿಲ್ಲ, ಬರಿದಾಯಿತು ಎನ್ನಿಸಿತು.

ಬಾಗಿಲಲ್ಲಿ ನೆರಳು ಬಿತ್ತು. ಸಂತೋಷ. ಅವ್ವನಿಗೆ ಹುಷಾರಿಲ್ಲವೆಂದು ಹಳಿಯಾಳದಿಂದ ಬಸ್ಸು ಹತ್ತಿ ಎಳನೀರು ತಂದಿದ್ದ. ಒದ್ದೆ ಕೊಡೆ ಹಿಡಿದು ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವ್ವನಿಗೆ ಅವನನ್ನು ನೋಡಿ ಹಿಗ್ಗಾಯಿತು. ಎದ್ದು ಕೂತು ಒಂದು ಮುಷ್ಟಿ ಸಕ್ಕರೆ ಅವನ ಕೈಗೆ ಹಾಕಿದಳು.

"ಮಗನ್ನ ಓದ್ಸಿ ಮುಗಿಸಿದ್ಯಾ ನೋಡಪಾ" ಎಂದಳು. "ಈ ಮಹಬೂಬನ ಕಡಿಂದ ಓದ್ಸಿದ್ಯಾ. ಇನ್ನ ನಾ ಸತ್ತ್ರೂ ಚಿಂತಿಲ್ಲ."

ಸಂತೋಷನ ಮುಖ ಬಿಳಿಚಿತು. ಕುಮಟೆಯಲ್ಲಿ ಸಕ್ಕರೆ ಓದಿಸುವುದಿಲ್ಲ. ಅವನು ಫೋನಿನಲ್ಲಿ ಕೇಳಿದ ಓದಿಸುವುದು ಒಂದೇ, ಮತಾಂತರಕ್ಕೆ ಕಲ್ಮಾ ಓದಿಸುವುದು. ಹೆಸರು ಹುಸೇನಪ್ಪ, ಎದುರಿಗೆ ಟೋಪಿ ಹಾಕಿದ ಮಹಬೂಬ, ಅವ್ವನ ಮಡಿಲಲ್ಲಿ ಬಿಚ್ಚಿ ಬಿದ್ದ ಕೆಂಪು ದಾರ. ಅವನು ಸಕ್ಕರೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಉಪವಾಸ ಎಂದು ಹೇಳಿ ಹೊರಟುಹೋದ. ಅವನು ತಪ್ಪು ತಿಳಿದನೆಂದು ನನಗೆ ಆಗ ಹೊಳೆಯಲಿಲ್ಲ. ನಮಗೆ ಆ ಮಾತಿನಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ.

ಅವ್ವನ ಆಪರೇಷನ್ ಆಯಿತು. ಗಡ್ಡೆ ಕೆಟ್ಟದ್ದಲ್ಲವೆಂದರು. ಹುಬ್ಬಳ್ಳಿಯಿಂದ ವಾಪಸು ಬಂದು ನಾನು ವರ್ಗಕ್ಕೆ ಹೋದಾಗ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಸಂತೋಷ ಕಳವಳದಿಂದ ಇಬ್ಬರಿಗೆ ಮಾತ್ರ ಹೇಳಿದ್ದನಂತೆ. ಆ ಇಬ್ಬರು ಕಳವಳದಿಂದ ವರ್ಗದ ಫೋನ್ ಗುಂಪಿಗೆ ಹಾಕಿದ್ದರು. ನಾನು ಬರುವಷ್ಟರಲ್ಲಿ ಮಹಬೂಬ ಒಬ್ಬ ಬಡ ಹುಡುಗನನ್ನೂ ಅವನ ರೋಗಿಷ್ಠ ತಾಯಿಯನ್ನೂ ಮತಾಂತರ ಮಾಡಿ ಆಗಿತ್ತು. ಹೊರಗಿನ ಕೆಲವರು ಕೇಂದ್ರದ ಗೇಟಿಗೆ ಬಂದು ಅವನನ್ನು ವಿಚಾರಿಸಿ ಹೋಗಿದ್ದರು.

ನಾನು ಮೇಡಂ ಮೇಜಿನ ಹತ್ತಿರ ನಿಂತು ಎಲ್ಲರಿಗೂ ಬಿಡಿಸಿ ಹೇಳಿದೆ. ನಮ್ಮ ಕಡೆ ಓದಿಸುವುದು ಎಂದರೆ ಹೀಗೆ, ಅಲಾವಿ ಎಂದರೆ ಹೀಗೆ, ನಮ್ಮವ್ವನ ಊರಲ್ಲಿ ಮುಸಲ್ಮಾನರೇ ಇಲ್ಲ, ನಾವೇ ಪಂಜಾ ಹೊರುತ್ತಿದ್ದೆವು ಎಂದು. ಹಿಂದಿನ ಬೆಂಚಿನಿಂದ ಒಬ್ಬ, "ಅಂದ್ರ ಇಡೀ ಊರs ಮೊದಲ ಮತಾಂತರ ಆಗಿ ಹೋಗೈತಿ" ಎಂದ. ನಾನು ಹೇಳಿದಷ್ಟೂ ಅದು ಸಾಕ್ಷಿಯಾಗುತ್ತಿತ್ತು. ಹೆಸರೊಂದಿದ್ದರೆ ಹೆಸರು ಸಾಕ್ಷಿ, ಲಾಡಿ ಹಾಕಿಕೊಂಡರೆ ಲಾಡಿ, ಬಿಚ್ಚಿದರೆ ಬಿಚ್ಚಿದ್ದು. ಗಂಟಲು ಕಟ್ಟುವ ತನಕ ಕೂಗಿದೆ. ಸಂತೋಷ ಎದ್ದು ಬಂದು ನನ್ನ ಹೆಗಲು ಹಿಡಿದ.

"ನಿನ್ನ ಮೇಲೆ ನಮಗೆ ಸಿಟ್ಟಿಲ್ಲ ಮಾರಾಯಾ" ಎಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನೀನು ಹೆದರಬೇಡ. ನಾವೆಲ್ಲ ಇದ್ದೇವೆ."

ನಾನು ಅವನ ಕೈ ಕಿತ್ತು ಹಾಕಿ, "ಅವನಿಗೆ ಯಾರದಾರ?" ಎಂದು ಕೇಳಿದೆ. ಸುನೀತಾ ಮಾತ್ರ ಎದ್ದು ಬಂದು ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮೇಡಂ ಬೋರ್ಡು ಒರೆಸುತ್ತ, "ನಾಳೆ ಪಾಠ ಮುಂದುವರಿಸೋಣ" ಎಂದರು.

ಕೇಂದ್ರದ ಮುಖ್ಯಸ್ಥರು ಮಹಬೂಬನ ತಂದೆಯನ್ನು ಕರೆಸಿದರು, ಆದರೆ ಗದರಿಸಲಿಲ್ಲ. ವಾತಾವರಣ ತಣ್ಣಗಾಗುವ ತನಕ ಹುಡುಗ ಸ್ವಲ್ಪ ದಿನ ಬರುವುದು ಬೇಡ, ಅವನ ಸುರಕ್ಷತೆಗೇ ಹೇಳುತ್ತಿದ್ದೇನೆ ಎಂದರಂತೆ. ನಾನು ದಾಂಡೇಲಿಯಲ್ಲಿ ರಜಾಕಸಾಬರ ಗ್ಯಾರೇಜಿಗೆ ಓಡಿದೆ. ಮಳೆಗೆ ತಾಡಪತ್ರಿ ಕಟ್ಟಿಕೊಂಡು ಅವರು ಒಂದು ಆಟೋ ಬಿಚ್ಚಿ ಕೂತಿದ್ದರು. ಮಹಬೂಬ ಒಳಗಿದ್ದ, ಹೊರಗೆ ಬರಲಿಲ್ಲ.

"ಬೇಟಾ, ನೀ ಒಳ್ಳೆ ಹುಡುಗ" ಎಂದರು ರಜಾಕಸಾಬರು ನನ್ನ ಮುಖ ನೋಡದೆ. "ಅವ್ವ ಹೆಂಗದಾಳ?"

"ಆರಾಮ ಆಗಾಕತ್ತಾಳ್ರಿ."

"ಅಲ್ಹಮ್ದುಲಿಲ್ಲಾ. ಅತ್ಲಾಗಿನ ಮಂದಿ ಯಾಕ ಓದಿದಿ ಅಂತ ಕೇಳಾಕ ಬಂದಿದ್ರು. ನಮ್ಮ ಮಂದೀನೂ ಬಂದಿದ್ರು, ಸಕ್ರಿ ಇಟ್ಟು ಯಾಕ ಓದಿದಿ ಅಂತ. ನಾ ಇಬ್ಬರಿಗೂ ಏನು ಹೇಳ್ಲಿ?" ಸ್ಪ್ಯಾನರ್ ಕೆಳಗಿಟ್ಟರು. "ನೀ ಇನ್ನ ಇಲ್ಲಿಗೆ ಬರಬ್ಯಾಡ. ಬಂದ್ರ ಮತ್ತ ಅದs ಮಾತು. ನನಗ ಇರಾಂವ ಒಬ್ಬನs ಮಗ."

ಸ್ವಲ್ಪ ದಿನ ಎಂದದ್ದು ಮುಗಿಯಲಿಲ್ಲ. ಪರೀಕ್ಷೆ ಬಂತು, ಹಾಲ್‌ನಲ್ಲಿ ನನ್ನ ಹಿಂದೆ ಮಹಬೂಬನ ನಂಬರಿನ ಕುರ್ಚಿ ಖಾಲಿ ಇತ್ತು. ಅವನು ಬಸ್ಸಿನಲ್ಲಿ ಹೇಳಿಕೊಟ್ಟ ಪ್ರಶ್ನೆಯೇ ಮೊದಲನೆಯದಾಗಿ ಬಂದಿತ್ತು. ಅವನ ಮಾತುಗಳನ್ನೇ ಬರೆದೆ. ನಾನು ಎಂ.ಎ. ಆದೆ. ನನ್ನನ್ನು ಓದಿಸಿದವನ ಓದು ನಿಂತಿತು. ಅವನು ಹಳಿಯಾಳದಲ್ಲಿ ಕಾಕಾನ ಗ್ಯಾರೇಜು ಸೇರಿದನೆಂದು ಯಾರೋ ಹೇಳಿದರು.

ಅವ್ವನಿಗೆ ಇದು ಯಾವುದನ್ನೂ ಹೇಳಲಿಲ್ಲ. ಹೊಲಿಗೆ ಮಾಗದ ಹೊಟ್ಟೆ ಹಿಡಿದುಕೊಂಡು ಮಲಗಿದವಳ ಮುಂದೆ, ನೀನು ಆಡಿದ ಒಂದು ಮಾತಿನಿಂದ ಹೀಗಾಯಿತು ಎಂದು ಯಾವ ಬಾಯಿಂದ ಹೇಳಲಿ? ಅವಳು ಅಲ್ಲಿಗೆ ಸುಮ್ಮನಾಗಲೂ ಇಲ್ಲ. ತನ್ನನ್ನು ಉಳಿಸಿದವನೇ ಆ ಹುಡುಗನೆಂದು ನಂಬಿ, ಅವನ ಓದು ಮುಗಿಯುವ ತನಕ ವರ್ಷಾ ಅವನ ಹೆಸರಲ್ಲಿ ಸಕ್ಕರೆ ಓದಿಸುವುದಾಗಿ ಮತ್ತೆ ಬೇಡಿಕೊಂಡು, ನನ್ನ ಹಳೆಯ ಲಾಡಿಯನ್ನು ತನ್ನ ಮುಂಗೈಗೆ ಕಟ್ಟಿಕೊಂಡಳು. "ಅಂವಂದು ಎಲ್ಲೀತನಕ ಬಂತು? ಇನ್ನೂ ದೊಡ್ಡ ಓದು ಓದಾಕತ್ತಾನೇನು?" ಎಂದು ಕೇಳುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಪ್ರತಿ ಮೊಹರಮ್ಮಿಗೆ ಸಕ್ಕರೆ ತರುತ್ತಿದ್ದೆ, ಓದಿಸಲು ಯಾರೂ ಸಿಗದೆ ಊರು ಸುತ್ತಿ ಹಾಗೇ ಒಯ್ದು, ಓದಿಸಿ ತಂದೆ ಎಂದು ಕೊಡುತ್ತಿದ್ದೆ.

ಈ ಸಲವೂ ಚೀಲದಲ್ಲಿ ಸಕ್ಕರೆ ಇತ್ತು. ಊದಿನ ಹೊಗೆ ಕುಡಿಯುತ್ತ ನಿಂತವನಿಗೆ ಏನನ್ನಿಸಿತೋ, ಕೇಳಿಕೊಂಡು ಆ ಗ್ಯಾರೇಜಿಗೆ ಹೋದೆ. ಮಹಬೂಬ ಒಂದು ಜೀಪಿನ ಕೆಳಗಿಂದ ಹೊರಗೆ ಬಂದ. ಗಡ್ಡ ಬಂದಿತ್ತು. ಮೊದಲಿನ ಹಾಗೆ ನಗಲಿಲ್ಲ, ಆದರೆ ಹೋಗು ಎನ್ನಲೂ ಇಲ್ಲ.

"ಸಕ್ರಿ ತಂದೇನಿ" ಎಂದೆ.

"ಯಾರ ಹೆಸರ್ಲೆ?"

"ನಿನ್ನ ಹೆಸರ್ಲೆ. ಅವ್ವ ಬೇಡ್ಕೊಂಡಾಳ, ನಿನ್ನ ಓದು ಮುಗಿಯೂತನಕ."

ಅವನು ಕೈಗೆ ಹತ್ತಿದ ಗ್ರೀಸನ್ನು ಅರಿವೆಯಿಂದ ಒರೆಸಿದ. ಮತ್ತೆ ಒರೆಸಿದ.

"ಆಕಿಗೆ ಗೊತ್ತಿಲ್ಲೇನು?"

"ಇಲ್ಲ."

"ಹೇಳ್ಬಿಡು" ಎಂದ. "ನನ್ನ ಓದು ಮುಗೀತು ಅಂತ ಹೇಳ್ಬಿಡು, ಹುಸೇನಪ್ಪ." ಪೊಟ್ಟಣವನ್ನು ಮುಟ್ಟದೆ ಜೀಪಿನ ಕೆಳಗೆ ಸರಿದುಹೋದ. ಅವನು ನನ್ನ ಹೆಸರನ್ನು ಪೂರ್ತಿಯಾಗಿ ಕರೆದದ್ದು ಚಾಪೆಯ ಮೇಲೆ ಕೂತು ಓದಿದ ಆ ಮಧ್ಯಾಹ್ನ ಬಿಟ್ಟರೆ ಇದೇ.

ಮನೆಗೆ ಹೋದಾಗ ಅವ್ವ ಚೊಂಗ್ಯಾ ಮಾಡಲು ಬೆಲ್ಲದ ನೀರಿಗೆ ಹಿಟ್ಟು ಕಲಸುತ್ತಿದ್ದಳು.

"ಮಹಬೂಬ ಸಿಕ್ಕಿದ್ದ" ಎಂದೆ.

"ಹೌದ? ಏನಂದ?"

"ಓದು ಮುಗೀತಂತ."

ಅವ್ವನ ಮುಖ ಅರಳಿದ್ದನ್ನು ನಾನು ನೋಡಲಾರದೆ ಹೋದೆ. ಹಿಟ್ಟಿನ ಕೈಯಲ್ಲೇ ಮುಂಗೈಯ ಕೆಂಪು ದಾರವನ್ನು ಹಲ್ಲಿನಿಂದ ಬಿಚ್ಚಿ ಕಣ್ಣಿಗೊತ್ತಿಕೊಂಡಳು. "ಮುಗೀತಂತ? ಮುಗಿಸಿದನಾ ನನ್ನ ಕಂದ?" ಎಂದು ಅಡಿಗೆಮನೆಗೆ ಕೇಳುವಂತೆ, ಒಳಗೆ ಮಲಗಿದ್ದ ಅಪ್ಪನಿಗೆ ಕೇಳುವಂತೆ ಹೇಳಿದಳು. ಆಮೇಲೆ ಪೊಟ್ಟಣ ಹರಿದು ಒಂದು ಮುಷ್ಟಿ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದಳು. ಬಾಯಿ ತುಂಬ ಸಕ್ಕರೆ ಇತ್ತು, ನಾನು ಏನೂ ಹೇಳಬೇಕಾಗಲಿಲ್ಲ.